ನಾರ್ತ್ ಮೆಲ್ಬರ್ನ್ ಊರು ಬಿಡಬೇಕೆ?

ಮೆಲ್ಬರ್ನ್‌ನಲ್ಲಿ ನೆಲೆಸಿರುವ ಹಾಸನ ಕಡೆಯ ಓದುಗರೊಬ್ಬರ ಪತ್ರ ಬಂದಿದೆ. ಅವರ ಮಗಳಿಗೆ ಆಸ್ಟ್ರೇಲಿಯನ್ ಫುಟ್‌ಬಾಲ್‌ನ ನಾರ್ತ್ ಮೆಲ್ಬರ್ನ್ ಕ್ಲಬ್ ಎಂದರೆ ಪ್ರಾಣ. ಕ್ಲಬ್ಬು ಮಾತ್ರ ವರ್ಷಗಳಿಂದ ಸೋಲುತ್ತಲೇ ಇದೆ. ಸ್ಟ್ಯಾಂಡಿನಲ್ಲಿ ಕೂತ ಅಭಿಮಾನಿಗಳಲ್ಲಿ ಒಬ್ಬರು ಬೇರೆ ರಾಜ್ಯಕ್ಕೆ ಹೋಗಲಿ ಎನ್ನುತ್ತಾರೆ, ಇನ್ನೊಬ್ಬರು ಮತ್ತೊಂದು ಕ್ಲಬ್ಬಿನೊಡನೆ ವಿಲೀನವಾಗಲಿ ಎನ್ನುತ್ತಾರೆ. ಪತ್ರದಲ್ಲಿರುವ ಪ್ರಶ್ನೆಗಳು ಮೂರು: ಈ ಕ್ಲಬ್ಬು ಮುಚ್ಚಿಹೋಗುತ್ತದೆಯೇ? ಐಪಿಎಲ್‌ನಲ್ಲಿ ಆಗುವಂತೆ ಲೀಗೇ ಅದನ್ನು ಬೇರೆಡೆಗೆ ಯಾಕೆ ಸಾಗಿಸುವುದಿಲ್ಲ? ನಾವು ಕಟ್ಟುವ ಸದಸ್ಯತ್ವದ ದುಡ್ಡಿಗೆ ಏನಾದರೂ ಬೆಲೆ ಇದೆಯೇ?

ಮಾನ್ಯರೇ,

ಎರಡನೆಯ ಪ್ರಶ್ನೆಯಿಂದ ಶುರು ಮಾಡುತ್ತೇನೆ. ಅದು ಬಿಡಿಸಿಕೊಂಡರೆ ಉಳಿದೆರಡು ಸಲೀಸು.

ಐಪಿಎಲ್ ತಂಡಕ್ಕೆ ಮಾಲೀಕರಿರುತ್ತಾರೆ. ಬೆಂಗಳೂರಿನ ತಂಡವನ್ನು ಎಷ್ಟು ಲಕ್ಷ ಜನ ನಮ್ಮದೆಂದರೂ ಕಾಗದದಲ್ಲಿ ಅದು ಮಾಲೀಕರ ಆಸ್ತಿ. 2012ರಲ್ಲಿ ಹೈದರಾಬಾದಿನ ಡೆಕ್ಕನ್ ಚಾರ್ಜರ್ಸ್ ಜೊತೆಗಿನ ಒಪ್ಪಂದವನ್ನು ಬಿಸಿಸಿಐ ರದ್ದು ಮಾಡಿದಾಗ ಅಭಿಮಾನಿಗಳಿಗೆ ಅದರಲ್ಲಿ ಮತವೇ ಇರಲಿಲ್ಲ. ನಾರ್ತ್ ಮೆಲ್ಬರ್ನ್‌ಗೆ ಅಂಥ ಮಾಲೀಕರಿಲ್ಲ. ಅದು ಸದಸ್ಯರ ಕಂಪನಿ. ಬಂದ ಲಾಭವನ್ನು ಯಾರೂ ಹಂಚಿಕೊಳ್ಳುವಂತಿಲ್ಲ, ನಿರ್ದೇಶಕರನ್ನು ಆರಿಸುವುದು ಸದಸ್ಯರು. ಆದರೆ ಈ ಆಟದ ರಾಷ್ಟ್ರೀಯ ಲೀಗಾದ ಎಎಫ್‌ಎಲ್‌ನಲ್ಲಿ ಆಡುವ ಪರವಾನಗಿ ಲೀಗಿನದು. ಪ್ರಸಾರದ ಹಣದಲ್ಲಿ ಎಷ್ಟು ಪಾಲು ಯಾರಿಗೆ ಎಂದು ತೀರ್ಮಾನಿಸುವುದೂ ಲೀಗೇ. ಹಾಗಾಗಿ ಈ ಬೀಗಕ್ಕೆ ಎರಡು ಕೀಲಿ.

ಮೊದಲು ಹೀಗಿರಲಿಲ್ಲ. 1986ರಲ್ಲಿ ನಾರ್ತ್ ಮೆಲ್ಬರ್ನ್ ದುಡ್ಡಿಗಾಗಿ ಷೇರು ಮಾರಿತು. ಮಾರಿದ ಷೇರು ಎಲ್ಲಿ ಹೋಗಿ ಸೇರುತ್ತದೆ ಎಂಬುದು ಮಾರಿದವರ ಕೈಯಲ್ಲಿರುವುದಿಲ್ಲ. ಒಂದು ದೊಡ್ಡ ಗಂಟು ಎದುರಾಳಿ ಕಾರ್ಲ್ಟನ್ ಕ್ಲಬ್ಬಿನ ಕೈಗೇ ಸಿಕ್ಕಿತ್ತು. 2007ರಲ್ಲಿ ಲೀಗು ಕ್ವೀನ್ಸ್‌ಲ್ಯಾಂಡಿನ ಗೋಲ್ಡ್ ಕೋಸ್ಟಿಗೆ ಬನ್ನಿ ಎಂದು ಕರೆದು, ಸುಮಾರು 10 ಕೋಟಿ ಡಾಲರ್ ಎಂದು ಆಗ ವರದಿಯಾದ ಕೊಡುಗೆಯನ್ನು ಮುಂದಿಟ್ಟಿತು. ಆ ವರ್ಷದ ಡಿಸೆಂಬರ್ 6ರಂದು ಕ್ಲಬ್ಬಿನ ಮಂಡಳಿ ಅದನ್ನು ಒಲ್ಲೆ ಎಂದಿತು, ಜೇಮ್ಸ್ ಬ್ರೇಷಾ ಅಧ್ಯಕ್ಷರಾದರು. ಆಮೇಲೆ ಷೇರುದಾರರು ಹಕ್ಕು ಬಿಟ್ಟುಕೊಟ್ಟು ಕ್ಲಬ್ಬು ಮತ್ತೆ ಸದಸ್ಯರದಾಯಿತು. 2007ರ ವಿಷಯ ಬಂದಾಗ ಎಲ್ಲರೂ ಹಣ ತಿರಸ್ಕರಿಸಿದ್ದನ್ನೇ ನೆನೆಯುತ್ತಾರೆ. ನನ್ನ ಪಾಲಿಗೆ ಷೇರು ಮರಳಿದ್ದು ಅದಕ್ಕಿಂತ ದೊಡ್ಡದು.

ಈಗ ಮೊದಲ ಪ್ರಶ್ನೆ. 2020ರಿಂದ 2025ರವರೆಗಿನ ಆರು ಋತುಗಳಲ್ಲಿ ನಾರ್ತ್ ಮೆಲ್ಬರ್ನ್ ಹದಿನೆಂಟು ತಂಡಗಳ ಪಟ್ಟಿಯಲ್ಲಿ ಹದಿನಾರಕ್ಕಿಂತ ಮೇಲೆ ಬಂದಿಲ್ಲ. 2021, 2022 ಎರಡು ವರ್ಷವೂ ಕೊನೆಯ ಸ್ಥಾನ. ಇದನ್ನು ನೋಡಿ ಜನ ಹೆದರುವುದು ಸಹಜ. ಆದರೆ ಈ ಆಟದ ಚರಿತ್ರೆಯಲ್ಲಿ ಕ್ಲಬ್ಬು ಹೋದದ್ದು ಸೋಲಿನಿಂದಲ್ಲ. ಸಾಲ ಏರಿ ತವರು ಮೈದಾನ ಕೈತಪ್ಪಿದಾಗ ಹೋಗಿದೆ. ಫಿಟ್ಜ್‌ರಾಯ್‌ನ ಕತೆ ಇದಕ್ಕೆ ಸಾಕ್ಷಿ. ಮಗಳಿಗೂ ಇದನ್ನು ಹೇಳಿ.

ಫಿಟ್ಜ್‌ರಾಯ್ ಹುಟ್ಟಿದ್ದು 1883ರಲ್ಲಿ, ಗೆದ್ದದ್ದು ಎಂಟು ಪ್ರೀಮಿಯರ್‌ಷಿಪ್, ಅಂದರೆ ಲೀಗಿನ ಚಾಂಪಿಯನ್ ಪಟ್ಟ. ಬ್ರನ್ಸ್‌ವಿಕ್ ಸ್ಟ್ರೀಟಿನ ತನ್ನ ಓವಲ್‌ನಲ್ಲಿ 1966ರವರೆಗೆ ಆಡಿತು. ಅಲ್ಲಿಂದ ಎದ್ದ ಮೇಲೆ ಪ್ರಿನ್ಸಸ್ ಪಾರ್ಕ್, ಜಂಕ್ಷನ್ ಓವಲ್, ವಿಕ್ಟೋರಿಯಾ ಪಾರ್ಕ್, ಮತ್ತೆ ಪ್ರಿನ್ಸಸ್ ಪಾರ್ಕ್, ಕೊನೆಗೆ ವೆಸ್ಟರ್ನ್ ಓವಲ್. ಮೂವತ್ತು ವರ್ಷ ಬಾಡಿಗೆ ಮನೆಯ ಬದುಕು. ಪರರ ಮೈದಾನದಲ್ಲಿ ಜಾಹೀರಾತು ಫಲಕದ ದುಡ್ಡು, ಬಿಯರಿನ ದುಡ್ಡು, ಊಟದ ದುಡ್ಡು ಎಲ್ಲ ಮನೆಯೊಡೆಯರಿಗೆ. 1991 ಮತ್ತು 1992ರಲ್ಲಿ ಕೆಲವು ತವರು ಪಂದ್ಯಗಳನ್ನು ಟ್ಯಾಸ್ಮೇನಿಯಾದ ಹೋಬಾರ್ಟಿಗೆ ಕೊಂಡೊಯ್ದು ನೋಡಿತು. ಪೆಸಿಫಿಕ್ ಸಾಗರದ ಪುಟ್ಟ ನೌರು ದೇಶದ ವಿಮಾ ಸಂಸ್ಥೆಯಿಂದ ಸಾಲ ತಂದಿತು. 1996ರಲ್ಲಿ ಸಾಲ ಕೊಟ್ಟವರು ಆಡಳಿತಾಧಿಕಾರಿಯನ್ನು ನೇಮಿಸಿದ ದಿನವೇ ಸದಸ್ಯರ ಮತಕ್ಕೆ ಬೆಲೆ ಹೋಯಿತು. ಸಾಲ ಕೊಟ್ಟವರ ಹಣ ಯಾವ ದಾರಿಯಲ್ಲಿ ವಾಪಸಾಗುತ್ತದೆ ಎಂಬುದಷ್ಟೇ ಆಮೇಲಿನ ಲೆಕ್ಕ.

ಆಗ ಫಿಟ್ಜ್‌ರಾಯ್ ಜೊತೆ ಕೂಡಿಕೊಳ್ಳಲು ತುದಿಗಾಲಲ್ಲಿ ನಿಂತದ್ದು ನಿಮ್ಮ ಮಗಳ ಕ್ಲಬ್ಬೇ. ಜುಲೈನಲ್ಲಿ ಮಾತುಕತೆ ಕುದುರಿತ್ತು. ಹೆಚ್ಚು ಆಟಗಾರರ ದೊಡ್ಡ ಪಟ್ಟಿ ಇಟ್ಟುಕೊಂಡ ತಂಡ ಮಿತಿಮೀರಿ ಬಲಿಯುತ್ತದೆ ಎಂದು ಉಳಿದ ಕ್ಲಬ್ಬುಗಳು ಅಡ್ಡ ನಿಂತು, ಫಿಟ್ಜ್‌ರಾಯನ್ನು ಬ್ರಿಸ್ಬೇನ್ ಕ್ಲಬ್ಬಿನ ಕಡೆಗೆ ತಿರುಗಿಸಿದವು. ಸೆಪ್ಟೆಂಬರ್ 1ರಂದು ಪರ್ತ್‌ನ ಸುಬಿಯಾಕೋ ಮೈದಾನದಲ್ಲಿ, ತವರಿನಿಂದ ಇಡೀ ಖಂಡದಷ್ಟು ದೂರದಲ್ಲಿ, ಫ್ರೀಮ್ಯಾಂಟಲ್ ಎದುರು ಅದು ಕೊನೆಯ ಪಂದ್ಯ ಆಡಿತು. ವಿಲೀನವಾದರೆ ಎರಡೂ ಕ್ಲಬ್ಬು ಅರ್ಧರ್ಧ ಉಳಿಯುತ್ತವೆ ಎಂದು ವಾದಿಸುವವರು ಈ ವ್ಯವಹಾರವನ್ನು ಗಮನಿಸಬೇಕು. ಷರತ್ತು ಬರೆಯುವುದು ಸಾಲವಿಲ್ಲದವನು.

ತಳ ಕಂಡೂ ಉಳಿದವರಿದ್ದಾರೆ. 1989ರಲ್ಲಿ ಫುಟ್‌ಸ್ಕ್ರೇ ಕ್ಲಬ್ಬನ್ನು ಇದೇ ಫಿಟ್ಜ್‌ರಾಯ್ ಜೊತೆ ಸೇರಿಸುತ್ತೇವೆಂದು ಘೋಷಿಸಿದಾಗ ಪೀಟರ್ ಗಾರ್ಡನ್ ಎಂಬ ವಕೀಲರು ಮುಂದಾಳಾಗಿ ನಿಂತರು. ಒಂದೆಡೆ ನ್ಯಾಯಾಲಯದಲ್ಲಿ ತಡೆ, ಇನ್ನೊಂದೆಡೆ ಮೂರು ವಾರದಲ್ಲಿ 15 ಲಕ್ಷ ಡಾಲರ್ ಚಂದಾ. ತಡೆಯಾಜ್ಞೆಯಿಂದ ಸಮಯ ಸಿಕ್ಕಿತು, ಸಿಕ್ಕ ಸಮಯದಲ್ಲಿ ದುಡ್ಡು ಸೇರಿತು. ಒಂದಿದ್ದು ಇನ್ನೊಂದು ಇಲ್ಲದಿದ್ದರೆ ಆಗುತ್ತಿರಲಿಲ್ಲ. ಆ ಕ್ಲಬ್ಬೇ ಇಂದಿನ ವೆಸ್ಟರ್ನ್ ಬುಲ್‌ಡಾಗ್ಸ್. 2016ರಲ್ಲಿ ಪ್ರೀಮಿಯರ್‌ಷಿಪ್ ಗೆದ್ದಿತು. 1990ರಲ್ಲಿ ಡಬ್ಬಿ ಹಿಡಿದು ಚಂದಾ ಎತ್ತಿದ ರಿಚ್ಮಂಡ್ 2017, 2019, 2020ರಲ್ಲಿ ಗೆದ್ದಿತು.

ಈ ಅಳತೆಯಲ್ಲಿ ನೋಡಿದರೆ ನಾರ್ತ್ ಮೆಲ್ಬರ್ನ್ ಸ್ಥಿತಿ ಅಂಕಪಟ್ಟಿಯಲ್ಲಿ ಕಾಣುವುದಕ್ಕಿಂತ ಎಷ್ಟೋ ಮೇಲು. ಸೋಲುತ್ತಿದ್ದ ವರ್ಷಗಳಲ್ಲೇ ಸಾಲ ತೀರಿಸಿಕೊಂಡಿತು, ಸದಸ್ಯರ ಸಂಖ್ಯೆ ಐವತ್ತು ಸಾವಿರ ದಾಟಿತು. ಜೂಜಿನ ಯಂತ್ರಗಳ ಆದಾಯವನ್ನು ವಿಕ್ಟೋರಿಯಾದ ಕ್ಲಬ್ಬುಗಳಲ್ಲಿ ಎಲ್ಲರಿಗಿಂತ ಮೊದಲು ಬಿಟ್ಟ ಕ್ಲಬ್ಬು ಇದು. ಆ ದುಡ್ಡಿಲ್ಲದೆ ಇಷ್ಟು ಮಾಡಿದೆ ಎಂಬುದನ್ನು ಸ್ಟ್ಯಾಂಡಿನಲ್ಲಿ ಗೊಣಗುವವರು ನೆನಪಿಡಬೇಕು.

ಹಾಗಾದರೆ ಅಪಾಯ ಇಲ್ಲವೇ? ಇದೆ. ಋತುವಿನ ವೇಳಾಪಟ್ಟಿ ಬಂದ ದಿನ ಬೇರೆಲ್ಲ ಬಿಟ್ಟು, ತವರು ಪಂದ್ಯಗಳು ಎಲ್ಲೆಲ್ಲಿ ಎಂದಷ್ಟೇ ನೋಡಿ. ಸಿಡ್ನಿ, ಕ್ಯಾನ್‌ಬೆರಾ, ಗೋಲ್ಡ್ ಕೋಸ್ಟ್ ಎಲ್ಲ ಸುತ್ತಿಬಂದ ಕ್ಲಬ್ಬು 2012ರಿಂದ ಹೋಬಾರ್ಟಿನಲ್ಲಿ ವರ್ಷಕ್ಕೆ ಎರಡು ಪಂದ್ಯದಿಂದ ಶುರುಮಾಡಿ ನಾಲ್ಕರವರೆಗೆ ಹೋಯಿತು. 2025ರಿಂದ ಪಶ್ಚಿಮ ಆಸ್ಟ್ರೇಲಿಯಾದ ಜೊತೆ ಒಪ್ಪಂದ, ಪರ್ತ್‌ನಿಂದ ದಕ್ಷಿಣಕ್ಕಿರುವ ಬನ್‌ಬರಿಯಂಥ ಊರಿನಲ್ಲಿ ತವರು ಪಂದ್ಯ.

ಇದಕ್ಕೆ ಕಾರಣ ಮೈದಾನದ ಬಾಡಿಗೆ ಕರಾರು. ಮೆಲ್ಬರ್ನಿನ ಡಾಕ್‌ಲ್ಯಾಂಡ್ಸ್ ಕ್ರೀಡಾಂಗಣದಲ್ಲಿ ಕ್ಲಬ್ಬು ಬಾಡಿಗೆದಾರ. ಕಾವಲು, ಸ್ವಚ್ಛತೆ, ಟಿಕೆಟ್ ವ್ಯವಸ್ಥೆ, ದೀಪದ ಖರ್ಚು ಹತ್ತು ಸಾವಿರ ಜನ ಬಂದರೂ ಮೂವತ್ತು ಸಾವಿರ ಜನ ಬಂದರೂ ಹೆಚ್ಚು ಬದಲಾಗುವುದಿಲ್ಲ. ಸದಸ್ಯರು ಗೇಟಿನಲ್ಲಿ ಹೊಸದಾಗಿ ದುಡ್ಡು ಕೊಡುವುದಿಲ್ಲ, ವರ್ಷದ ಆರಂಭದಲ್ಲೇ ಕೊಟ್ಟಿರುತ್ತಾರೆ. ಜನ ಕಡಿಮೆಯಾದ ದಿನ ಗೇಟಿನ ಹಣದಲ್ಲಿ ಖರ್ಚು ಕಳೆದರೆ ಬಾಕಿ ಸೊನ್ನೆ, ಇಲ್ಲವೇ ಕೈಯಿಂದಲೇ ಕೊಡಬೇಕು. 2016ರಲ್ಲಿ ಲೀಗೇ ಕ್ರೀಡಾಂಗಣವನ್ನು ಕೊಂಡ ಮೇಲೆ ಹಿಡಿತ ಸಡಿಲವಾಯಿತು, ಆದರೆ ಗಣಿತದ ಸ್ವಭಾವ ಅದೇ. ಹೊರರಾಜ್ಯದಲ್ಲಿ ಸರ್ಕಾರ ಪಂದ್ಯಕ್ಕೆ ಇಷ್ಟು ಎಂದು ಗೊತ್ತುಮಾಡಿ ಕೊಡುತ್ತದೆ, ಮಳೆ ಬಂದು ಜನ ಬಾರದಿದ್ದರೂ ಆ ಹಣ ಬರುತ್ತದೆ. ಲೆಕ್ಕಪತ್ರ ನೋಡುವವರಿಗೆ ಇದು ಸುಲಭದ ಆಯ್ಕೆ.

ಕೆಡುವುದು ಎಲ್ಲಿ ಎಂದರೆ, ಹನ್ನೊಂದು ತವರು ಪಂದ್ಯಗಳಲ್ಲಿ ನಾಲ್ಕು ಹೊರಗೆ ಹೋದರೆ ಕಾಯ್ದಿರಿಸಿದ ಸೀಟು ಹಿಡಿದ ಕುಟುಂಬಕ್ಕೆ ಸಿಗುವುದು ಏಳು. ಮರುವರ್ಷ ಅವರು ಅಗ್ಗದ ಸದಸ್ಯತ್ವಕ್ಕೆ ಇಳಿಯುತ್ತಾರೆ. ಡಾಕ್‌ಲ್ಯಾಂಡ್ಸ್ ಇನ್ನಷ್ಟು ಖಾಲಿ, ಅಲ್ಲಿನ ನಷ್ಟ ಇನ್ನಷ್ಟು, ಮಾರಲು ಇನ್ನೊಂದು ಪಂದ್ಯ. ಮಕ್ಕಳ ವಿಷಯದಲ್ಲಿ ಪೆಟ್ಟು ಬೇಗ ಕಾಣುವುದಿಲ್ಲ. ಹತ್ತರ ವಯಸ್ಸಿನಲ್ಲಿ ಮೈದಾನಕ್ಕೆ ಬಾರದ ಮಗು ಇಪ್ಪತ್ತೈದರಲ್ಲಿ ಸದಸ್ಯತ್ವ ಕೊಳ್ಳುವುದಿಲ್ಲ. ಎರಡು ಪಂದ್ಯದ ಮಾರಾಟ ಔಷಧ ಎನ್ನಬಹುದು. ಮೂರನೆಯದನ್ನು ಸದಸ್ಯರು ವಿರೋಧಿಸಲೇಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಟ್ಯಾಸ್ಮೇನಿಯಾಕ್ಕೆ ಹೋಗಲಿ ಎಂಬ ಮಾತಿಗೆ ಈಗ ಅರ್ಥವೇ ಇಲ್ಲ. 2023ರಲ್ಲಿ ಆ ರಾಜ್ಯಕ್ಕೆ ತನ್ನದೇ ತಂಡ ಕಟ್ಟಲು ಹತ್ತೊಂಬತ್ತನೆಯ ಪರವಾನಗಿ ಸಿಕ್ಕಿತು. ಆದರೆ ಅದೇ ಹತ್ತೊಂಬತ್ತು ಒಂದು ನಿಜವಾದ ಚಿಂತೆ ತರುತ್ತದೆ. ಹದಿನೆಂಟು ತಂಡವಿದ್ದರೆ ವಾರಕ್ಕೆ ಒಂಬತ್ತು ಪಂದ್ಯ, ಹತ್ತೊಂಬತ್ತಿದ್ದರೂ ಒಂಬತ್ತೇ, ಒಂದು ತಂಡಕ್ಕೆ ರಜೆ. ಇದುವರೆಗೆ ಮೆಲ್ಬರ್ನಿನ ಒಂದು ಕ್ಲಬ್ಬು ಕಡಿಮೆಯಾದರೆ ಟಿವಿಗೆ ಒಂದು ಪಂದ್ಯ ನಷ್ಟವಾಗುತ್ತಿತ್ತು, ಆ ರಕ್ಷಣೆ ತೆಳುವಾಗುತ್ತದೆ. 2025ರಿಂದ 2031ರವರೆಗಿನ 450 ಕೋಟಿ ಡಾಲರ್‌ಗಳ ಪ್ರಸಾರ ಒಪ್ಪಂದ ಮುಗಿಯುವ ಹೊತ್ತಿಗೆ ಕ್ಲಬ್ಬು ಸಾಲವಿಲ್ಲದೆ, ತುಂಬಿದ ಸ್ಟ್ಯಾಂಡಿನೊಡನೆ ಮೇಜಿನ ಮುಂದೆ ಕೂರಬೇಕು. ಗಡುವು ಎಂದರೆ ಅದೇ.

ಸೋಲಿನ ಬಗ್ಗೆ ಕೋಚನ್ನು ಬೈಯುವುದು ಸುಲಭ. 2020ರ ಕೊನೆಗೆ ಹನ್ನೊಂದು ಆಟಗಾರರನ್ನು ಒಂದೇ ಏಟಿಗೆ ಕೈಬಿಟ್ಟದ್ದನ್ನು ಮರೆತವರು ಹಾಗೆ ಮಾಡುತ್ತಾರೆ. ಕ್ಲಬ್ಬುಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟಿನಲ್ಲಿ ಕೊನೆಯಲ್ಲಿದ್ದವರಿಗೆ ಮೊದಲ ಆಯ್ಕೆ ಸಿಗುತ್ತದೆ ನಿಜ, ಆದರೆ ಸಿಗುವುದು ಹದಿನೆಂಟರ ಹುಡುಗ. ಮೈ ತುಂಬಿ ಗಟ್ಟಿಯಾಗಲು ನಾಲ್ಕೈದು ವರ್ಷ ಬೇಕು. ಪಕ್ಕದಲ್ಲಿ ಇಪ್ಪತ್ತಾರು, ಇಪ್ಪತ್ತೆಂಟರ ಅನುಭವಿಗಳಿಲ್ಲದಿದ್ದರೆ ಎದುರಾಳಿಯ ಅತಿ ಬಲಿಷ್ಠನನ್ನು ಆ ಹುಡುಗನೇ ಹಿಡಿಯಬೇಕು. ಸೋತು ಸೋತು ಮನಸ್ಸು ಮುರಿದವನು ಊರಿಗೆ ಹೋಗುತ್ತೇನೆ ಎನ್ನುತ್ತಾನೆ. 2021ರ ಡ್ರಾಫ್ಟಿನ ಮೊದಲ ಆಯ್ಕೆ ಜೇಸನ್ ಹಾರ್ನ್-ಫ್ರಾನ್ಸಿಸ್ ಒಂದೇ ಋತು ಆಡಿ ಪೋರ್ಟ್ ಅಡಿಲೇಡಿಗೆ ಹೋದರು. ಹಾಥಾರ್ನ್‌ಗೆ ನಾಲ್ಕು ಪ್ರೀಮಿಯರ್‌ಷಿಪ್ ಗೆದ್ದುಕೊಟ್ಟ ಅಲಾಸ್ಟರ್ ಕ್ಲಾರ್ಕ್‌ಸನ್ 2023ರಿಂದ ಇಲ್ಲಿದ್ದಾರೆ, ಹ್ಯಾರಿ ಶೀಜಲ್, ಜಾರ್ಜ್ ವಾರ್ಡ್ಲಾ, ಕೋಲ್ಬಿ ಮೆಕರ್ಚರ್ ಅವರಂಥ ಹುಡುಗರಿದ್ದಾರೆ. ಇವರನ್ನು ಇಪ್ಪತ್ತೈದು ದಾಟುವವರೆಗೆ ಉಳಿಸಿಕೊಳ್ಳುವುದೇ ಕೆಲಸ.

ಕೊನೆಯ ಪ್ರಶ್ನೆ, ಸದಸ್ಯತ್ವದ ಬೆಲೆ. 1996ರ ಸೆಪ್ಟೆಂಬರ್‌ನಲ್ಲಿ ಮೆಲ್ಬರ್ನ್ ಮತ್ತು ಹಾಥಾರ್ನ್ ಕ್ಲಬ್ಬುಗಳ ವಿಲೀನಕ್ಕೆ ಒಂದೇ ರಾತ್ರಿ ಎರಡು ಕಡೆ ಮತ ಹಾಕಿಸಿದರು. ಹಾಥಾರ್ನ್ ಸಭೆಯಲ್ಲಿ ಹಳೆಯ ನಾಯಕ ಡಾನ್ ಸ್ಕಾಟ್ ಉದ್ದೇಶಿತ ಜರ್ಸಿಯನ್ನು ಎತ್ತಿ ಹಿಡಿದು, ಅದಕ್ಕೆ ವೆಲ್ಕ್ರೋದಲ್ಲಿ ಅಂಟಿಸಿದ್ದ ಹಾಥಾರ್ನ್ ಲಾಂಛನದ ಗಿಡುಗವನ್ನು ಕಿತ್ತರು. ಉಳಿದದ್ದು ಮೆಲ್ಬರ್ನ್ ಕ್ಲಬ್ಬಿನ ಜರ್ಸಿ ಮಾತ್ರ. ಅಲ್ಲಿ ವಿಲೀನ ಹೆಚ್ಚುಕಡಿಮೆ ಎರಡರಷ್ಟು ಮತಗಳಿಂದ ಬಿದ್ದಿತು. ಅತ್ತ ಮೆಲ್ಬರ್ನ್ ಸಭೆಯಲ್ಲಿ ಜನ ಎಷ್ಟು ಕೂಗಿದರೂ, ಬಾರದವರು ತಮ್ಮ ಪರವಾಗಿ ಮತ ಹಾಕಲು ಮೊದಲೇ ಬರೆದು ಕಳಿಸಿದ್ದ ಪ್ರಾಕ್ಸಿಗಳ ಬಲದಿಂದ ಅಲ್ಪ ಅಂತರದಲ್ಲಿ ವಿಲೀನಕ್ಕೆ ಒಪ್ಪಿಗೆ ಸಿಕ್ಕಿತು. ಹಾಥಾರ್ನ್ ಒಲ್ಲೆ ಎಂದದ್ದರಿಂದ ಇಬ್ಬರೂ ಉಳಿದರು.

ಆದ್ದರಿಂದ ನೀವು ಮಾಡಬೇಕಾದ್ದು ಇಷ್ಟು. ಸದಸ್ಯತ್ವ ಕೊಳ್ಳುವಾಗ ಅದಕ್ಕೆ ಮತದ ಹಕ್ಕಿದೆಯೇ ಎಂದು ಕೇಳಿ. ಮಕ್ಕಳ ಕಾರ್ಡಿಗೂ ಮೂರು ಪಂದ್ಯದ ಅಗ್ಗದ ಕಾರ್ಡಿಗೂ ಸಾಮಾನ್ಯವಾಗಿ ಇರುವುದಿಲ್ಲ. ಮಗಳ ಹೆಸರಿನಲ್ಲಿ ಒಂದು ಇದ್ದರೆ ನಿಮ್ಮ ಹೆಸರಿನಲ್ಲಿ ಮತವಿರುವ ಒಂದು ಇರಲಿ. ಆಸ್ಟ್ರೇಲಿಯಾದ ಕಂಪನಿ ಕಾಯ್ದೆಯಂತೆ ಸಭೆಗೆ ಕನಿಷ್ಠ 21 ದಿನ ಮೊದಲು ನೋಟಿಸ್ ಬರಬೇಕು. ನಿಯಮಾವಳಿ ತಿದ್ದಲು ಬಿದ್ದ ಮತಗಳಲ್ಲಿ ಶೇ 75 ಬೇಕು, ಅಂದರೆ ಕಾಲು ಭಾಗಕ್ಕಿಂತ ಒಂದು ಹೆಚ್ಚು ಮತದಿಂದ ಅದನ್ನು ತಡೆಯಬಹುದು. ನೂರು ಸದಸ್ಯರು ಸಹಿ ಹಾಕಿದರೆ ಸಭೆಯ ಮುಂದೆ ಒಂದು ನಿರ್ಣಯ ಇಡಬಹುದು. ತವರು ಪಂದ್ಯಗಳನ್ನು ಎರಡಕ್ಕಿಂತ ಹೆಚ್ಚು ಮಾರಬೇಕಾದರೆ ಸದಸ್ಯರ ಒಪ್ಪಿಗೆ ಬೇಕೆಂದು ನಿಯಮಾವಳಿಗೆ ತಿದ್ದುಪಡಿ ತರುವ ನಿರ್ಣಯ ಅದಾಗಲಿ. ಹೋಗಲಾಗದಿದ್ದರೆ ಪ್ರಾಕ್ಸಿ ಕಾಗದವನ್ನು ಸಭೆಗೆ 48 ಗಂಟೆ ಮೊದಲು ತಲುಪಿಸಿ. ಅದರಲ್ಲಿ ಪರ, ವಿರೋಧದ ಚೌಕವನ್ನು ಖಾಲಿ ಬಿಡಬೇಡಿ. ಬಿಟ್ಟರೆ ನಿಮ್ಮ ಮತ ನೀವು ಪ್ರಾಕ್ಸಿಯಾಗಿ ಹೆಸರಿಸಿದವರ, ಅಧ್ಯಕ್ಷರನ್ನು ಹೆಸರಿಸಿದ್ದರೆ ಅಧ್ಯಕ್ಷರ, ಇಷ್ಟದಂತೆ ಬೀಳುತ್ತದೆ.

ಇನ್ನು ಮಗಳನ್ನು ಯಾವ ಪಂದ್ಯಕ್ಕೆ ಕರೆದೊಯ್ಯಬೇಕು ಎಂಬುದು. ಕಾಲಿಂಗ್‌ವುಡ್, ಎಸೆಂಡನ್, ಕಾರ್ಲ್ಟನ್ ಬಂದ ದಿನ ಅವರ ಜನರೇ ಸ್ಟ್ಯಾಂಡು ತುಂಬಿಸುತ್ತಾರೆ. ಗೋಲ್ಡ್ ಕೋಸ್ಟೋ ಫ್ರೀಮ್ಯಾಂಟಲ್ಲೋ ಬರುವ ಚಳಿಗಾಲದ ಭಾನುವಾರ ಮಧ್ಯಾಹ್ನ ಡಾಕ್‌ಲ್ಯಾಂಡ್ಸ್ ಖಾಲಿ ಹೊಡೆಯುತ್ತದೆ. ಹೊರರಾಜ್ಯಕ್ಕೆ ಮಾರಬೇಕು ಎಂದಾಗ ಮೊದಲು ಕೈ ಹಾಕುವುದು ಅಂಥ ಪಂದ್ಯಗಳಿಗೇ. ಆ ಭಾನುವಾರಗಳಿಗೆ ಹೋಗಿ.