ನೀಟ್ ಮಾಕ್ ಟೆಸ್ಟ್‌ನಲ್ಲಿ ಅಂಕ 480ರಲ್ಲೇ ನಿಂತುಬಿಟ್ಟಿದೆ (165 ಪ್ರಶ್ನೆ ಮುಟ್ಟಿದ್ದೆ, 129 ಸರಿ, 36 ತಪ್ಪು), ಹಾಲ್‌ನಲ್ಲಿ ಗಾಬರಿ ಬೇರೆ. ಉಳಿದ ಎರಡು ತಿಂಗಳಲ್ಲಿ ಏನು ಮಾಡಲಿ?

ಹೊಸ ಪುಸ್ತಕ, ಕ್ರ್ಯಾಶ್ ಕೋರ್ಸ್ ಎರಡನ್ನೂ ಸದ್ಯಕ್ಕೆ ಬದಿಗಿಡಿ. ನೀವೇ ಕೊಟ್ಟ ಲೆಕ್ಕ ನೋಡಿ: 165 ಪ್ರಶ್ನೆ ಮುಟ್ಟಿದ್ದೀರಿ, 129 ಸರಿ, 36 ತಪ್ಪು. ಸರಿ ಉತ್ತರಕ್ಕೆ ನಾಲ್ಕರಂತೆ 516, ಅದರಲ್ಲಿ ತಪ್ಪಿಗೆ ಒಂದರಂತೆ 36 ಕಳೆದು 480. ತಪ್ಪಾಗಿದ್ದ ಒಂದು ಉತ್ತರ ಸರಿಯಾದರೆ ಸಿಗುವುದು ನಾಲ್ಕಲ್ಲ, ಐದು ಅಂಕ. ಆ 36ರಲ್ಲಿ 12 ಸರಿಹೋದರೂ 540.

ಮಾಕ್ ಬರೆದ ಮರುದಿನ, ವಿವರಣೆ ಓದುವ ಮುಂಚೆ, ತಪ್ಪಾದವನ್ನೆಲ್ಲ ಗಡಿಯಾರ ನೋಡದೆ ಇನ್ನೊಮ್ಮೆ ಬಿಡಿಸಿ. ಈಗ ಸರಿ ಬಂತೇ? ಹಾಗಿದ್ದರೆ ನಿಮಗೆ ಪಾಠ ಗೊತ್ತಿದೆ, ಅವಸರದಲ್ಲಿ 'ಸರಿಯಲ್ಲದ ಹೇಳಿಕೆ' ಎಂಬುದನ್ನು 'ಸರಿಯಾದ ಹೇಳಿಕೆ' ಎಂದು ಓದಿದ್ದೀರಿ, ಇಲ್ಲವೇ ಸೆಂಟಿಮೀಟರನ್ನು ಮೀಟರಿಗೆ ಬದಲಿಸಿಲ್ಲ. ಈಗಲೂ ಬರಲಿಲ್ಲವೇ? ಆಗ ಮಾತ್ರ ಎನ್‌ಸಿಇಆರ್‌ಟಿ ಪಠ್ಯಪುಸ್ತಕಕ್ಕೆ ವಾಪಸ್ ಹೋಗಿ. ಬಯಾಲಜಿಯಲ್ಲಾದರೆ ಚಿತ್ರದ ಕೆಳಗಿನ ಸಾಲು, ಕೋಷ್ಟಕಗಳನ್ನೂ ಬಿಡಬೇಡಿ. ನೋಟ್‌ಬುಕ್ಕಿನಲ್ಲಿ ಪ್ರಶ್ನೆ ಬರೆಯಬೇಡಿ, ತಪ್ಪಿದ ಕಾರಣ ಬರೆಯಿರಿ. ನಾಲ್ಕು ಮಾಕ್ ಆಗುವಷ್ಟರಲ್ಲಿ ಅದೇ ಎರಡು-ಮೂರು ಕಾರಣ ಮತ್ತೆ ಮತ್ತೆ ಕಾಣಿಸುತ್ತವೆ.

ಊಹೆಯ ವಿಷಯಕ್ಕೆ ಬಂದರೆ, ನೆಗೆಟಿವ್ ಮಾರ್ಕಿಂಗ್ ಬಗ್ಗೆ ಇರುವ ಭಯ ಸ್ವಲ್ಪ ಅತಿಯಾದದ್ದು. ನಿಜವಾಗಿಯೂ ಎರಡು ಆಯ್ಕೆ ಹೊಡೆದುಹಾಕಿದ್ದರೆ, ಅಂಥ ಹತ್ತರಲ್ಲಿ ಐದು ಸರಿಯಾದರೂ 20ರಲ್ಲಿ 5 ಹೋಗಿ 15 ಅಂಕ ಕೈಯಲ್ಲುಳಿಯುತ್ತದೆ. ಆದರೆ 'ಫಿಫ್ಟಿ-ಫಿಫ್ಟಿ' ಅನ್ನಿಸಿದ್ದೆಲ್ಲ ಹಾಗಿರುವುದಿಲ್ಲ. ಆಮಿಷದ ಆಯ್ಕೆಯನ್ನು ಇಟ್ಟಿರುವುದೇ ನಿಮ್ಮನ್ನು ಎಳೆಯಲಿಕ್ಕೆ. ಪ್ರತಿ ಮಾಕ್‌ನಲ್ಲೂ ಅನುಮಾನದ ಉತ್ತರಕ್ಕೆ ಪ್ರಶ್ನೆಪತ್ರಿಕೆಯಲ್ಲಿ ಒಂದು ಚುಕ್ಕಿ ಇಟ್ಟು, ಎಷ್ಟು ಸರಿಯಾದವೆಂದು ವಿಷಯವಾರು ಎಣಿಸಿ. ಐದರಲ್ಲಿ ಒಂದಕ್ಕಿಂತ ಕಡಿಮೆ ಸರಿಯಾಗುತ್ತಿದ್ದರೆ ಆ ವಿಷಯದಲ್ಲಿ ಊಹೆ ನಿಲ್ಲಿಸಿ.

180 ನಿಮಿಷ, 180 ಪ್ರಶ್ನೆ. ಬಯಾಲಜಿಯ 90ನ್ನು 45-50 ನಿಮಿಷದಲ್ಲಿ ಮುಗಿಸಿದರೆ ಮಾತ್ರ ಫಿಸಿಕ್ಸಿಗೆ ಉಸಿರಾಡುವಷ್ಟು ಜಾಗ ಸಿಗುತ್ತದೆ. ಎರಡು ನಿಮಿಷ ಕಳೆದರೂ ದಾರಿ ಕಾಣದಿದ್ದರೆ ಮುಂದೆ ಹೋಗಿ. ಓಎಂಆರ್ ಉತ್ತರ ಹಾಳೆ ತುಂಬುವುದನ್ನು ಕೊನೆಗೆ ಇಟ್ಟುಕೊಳ್ಳಬೇಡಿ; ಒಂದು ಪುಟ ಮುಗಿದ ಕೂಡಲೇ ತುಂಬಿ, ಪ್ರಶ್ನೆ ಬಿಟ್ಟಾಗಲೆಲ್ಲ ಸಂಖ್ಯೆ ಹೊಂದಿಸಿ ನೋಡಿ. ಒಂದು ಸಾಲು ಜಾರಿದರೆ ಮುಂದಿನವೆಲ್ಲ ಜಾರುತ್ತವೆ, ಬಾಲ್ ಪೆನ್ನಿನ ಗುರುತು ಅಳಿಸಲಾಗದು.

ಗಾಬರಿಗೆ ಅರ್ಧ ಮದ್ದು ಅಭ್ಯಾಸದ ವೇಳೆಯಲ್ಲಿದೆ. ಪರೀಕ್ಷೆ ನಡೆಯುವುದು ಮಧ್ಯಾಹ್ನ 2ರಿಂದ 5. ಬೆಳಿಗ್ಗೆ ತಂಪು ಹೊತ್ತಿನಲ್ಲಿ ಮಾಕ್ ಬರೆದು ರೂಢಿಯಾದವರಿಗೆ ಊಟದ ನಂತರದ ತೂಕಡಿಕೆ ಹೊಸದು. ವಾರಕ್ಕೆ ಎರಡು ಮಾಕ್, ಎರಡೂ 2 ಗಂಟೆಗೇ, ನಡುವೆ ಏಳದೆ. ತಲೆ ಖಾಲಿಯಾದಂತಾದರೆ ಪೆನ್ ಕೆಳಗಿಟ್ಟು, ಉಸಿರು ಒಳಗೆಳೆದದ್ದಕ್ಕಿಂತ ನಿಧಾನವಾಗಿ ಐದಾರು ಬಾರಿ ಹೊರಬಿಡಿ, ಆಮೇಲೆ ಖಂಡಿತ ಗೊತ್ತಿರುವ ಒಂದು ಬಯಾಲಜಿ ಪ್ರಶ್ನೆ ಹುಡುಕಿ. ಇದನ್ನೂ ಮಾಕ್‌ನಲ್ಲೇ ರೂಢಿ ಮಾಡಿಕೊಳ್ಳಬೇಕು, ಹಾಲ್‌ನಲ್ಲಿ ಮೊದಲ ಸಲ ಪ್ರಯತ್ನಿಸಿದರೆ ಕೆಲಸಕ್ಕೆ ಬಾರದು.

ಪತ್ರಿಕೆ ಕಷ್ಟ ಅನ್ನಿಸಿದರೆ ಇಷ್ಟು ನೆನಪಿರಲಿ: 2024ರಲ್ಲಿ 720ಕ್ಕೆ 720 ತೆಗೆದವರು ಹಲವರಿದ್ದರು, 2025ರಲ್ಲಿ ಮೊದಲ ರ‍್ಯಾಂಕಿಗೇ ಬಂದದ್ದು 686. ಪತ್ರಿಕೆ ಕಷ್ಟವಾದರೆ ಎಲ್ಲರ ಅಂಕವೂ ಇಳಿಯುತ್ತದೆ, ಸೀಟು ಕೊಡುವುದು ರ‍್ಯಾಂಕ್ ನೋಡಿ.