ಮೊದಲ ಸೈಕಲ್ ರೇಸ್‌ಗೆ ಹೆಸರು ಕೊಡಲು ಭಯ. ಇನ್ನೊಂದು ವರ್ಷ ಪ್ರಾಕ್ಟೀಸ್ ಮಾಡಿ ಹೋಗಲಾ?

ಬೇಡ. ನಾನೂ ಹೀಗೇ ಎರಡು ವರ್ಷ ತಳ್ಳಿದವನು.

ನಮ್ಮದು ಮಂಡ್ಯ ಹತ್ತಿರ ಹಳ್ಳಿ. ಬೆಳಗ್ಗೆ ಐದೂವರೆಗೆ ವಿ.ಸಿ. ನಾಲೆ ಏರಿ ಮೇಲೆ ತುಳಿಯುತ್ತಿದ್ದೆ. ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಹಾಕಿದರೆ ಅದೇ ಗೆಲುವು. ಮೈಸೂರಿನಲ್ಲಿ ರೇಸ್ ಅಂದ ಕೂಡಲೇ ಮಾತ್ರ ಮಂಡಿ ನೋವು, ಇಲ್ಲಾ ಅಕ್ಕನ ಮಗಳ ನಾಮಕರಣ. ಕೊನೆಗೆ ನಮ್ಮ ಭಾವ ನನ್ನನ್ನು ಕೇಳದೇ ಹೆಸರು ಕೊಟ್ಟು ಬಂದರು.

ಚಾಮುಂಡಿ ಬೆಟ್ಟ ಹತ್ತುವ ರೇಸ್ ಅದು. ಊರಿಂದ ಸುಮಾರು 300 ಮೀಟರ್ ಎತ್ತರ, ಅಷ್ಟೇನಲ್ಲ. ನಾನು ಕೆಟ್ಟಿದ್ದು ಬೆಟ್ಟದಲ್ಲಲ್ಲ, ಬುಡದಲ್ಲಿ.

ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕೈ ನಡುಗುತ್ತಿತ್ತು, ಅದಕ್ಕೆ ಸಮತಟ್ಟು ರಸ್ತೆಯಲ್ಲಿ ಭಾರದ ಗೇರ್ ಹಾಕಿ ನಾಲ್ಕು ಸುತ್ತು ಜೋರಾಗಿ ಹೊಡೆದೆ. ಕರೆದರು ಅಂತ ಬ್ರೇಕ್ ಹಿಡಿದು ಗೆರೆ ಹತ್ತಿರ ನಿಂತೆ. ಗೇರ್ ಅಲ್ಲೇ ಉಳಿಯಿತು. ಏರಿಗೆ ಹಗುರ ಗೇರ್ ಬೇಕು ಅಂತ ನಿಂತ ಮೇಲೆ ನೆನಪಾಯಿತು. ಗಾಬರಿಯಲ್ಲಿ ಎರಡೂ ಕೈಯ ಗೇರ್ ಲಿವರ್ ಟಕ ಟಕ ಒತ್ತಿದೆ. ನಿಂತ ಸೈಕಲ್‌ನಲ್ಲಿ ಚೈನ್ ಓಡುವುದಿಲ್ಲ, ಓಡದೆ ಗೇರ್ ಬೀಳುವುದಿಲ್ಲ. ಒತ್ತಿದ್ದೆಲ್ಲ ಬಾಕಿ ಉಳಿಯುತ್ತೆ. ಸೀಟಿ ಊದಿದ ಕೂಡಲೇ ಪೂರ್ತಿ ಮೈಭಾರ ಹಾಕಿ ತುಳಿದೆ. ಬಾಕಿ ಗೇರೆಲ್ಲ ಒಟ್ಟಿಗೆ ಬಿತ್ತು. ಪೆಡಲ್ ಪಕ್ಕದ ದೊಡ್ಡ ಹಲ್ಲಿನ ಚಕ್ರದಿಂದ ಜಾರಿದ ಚೈನ್ ಚಿಕ್ಕದರ ಮೇಲೆ ಕೂರದೆ ಒಳಗೆ ಸಿಕ್ಕಿಹಾಕಿಕೊಂಡಿತು. ಕಾಲು ಗಾಳಿಯಲ್ಲಿ ಸುತ್ತಿತು. ಹಿಂದಿನವನು ಬಂದು ಗುದ್ದಿದ. "ಏನಣ್ಣಾ, ಇಲ್ಲೇ ಬೀಡು ಬಿಟ್ಯಾ?"

ಎಲ್ಲರೂ ಹೋದ ಮೇಲೆ ಚೈನ್ ಕೂರಿಸಿದೆ. ಮೂರು ನಿಮಿಷ ಇರಬಹುದು. ನೋಡುತ್ತಾ ನಿಂತಿದ್ದ ಎಳನೀರು ಮಾರುವ ಅಜ್ಜ ನಗಲೂ ಇಲ್ಲ. ಎರಡು ವರ್ಷ ನಾನು ಹೆದರಿದ್ದು ಇದಕ್ಕೇ ಅಲ್ವಾ, ಜನ ನೋಡುತ್ತಾರೆ ಅಂತ? ನೋಡಿದರು. ಆಮೇಲೆ ಎಳನೀರು ಕೊಚ್ಚಿದರು.

ಲಲಿತ ಮಹಲ್ ಕಾಣುವ ತಿರುವು ದಾಟುವಷ್ಟರಲ್ಲಿ ಇಬ್ಬರನ್ನು ಹಿಂದೆ ಹಾಕಿದ್ದೆ. ಕೊನೆಯಿಂದ ಮೂರನೆಯವನು.

ಹಾಗಾಗಿ ಭಯ ಹೋದ ಮೇಲೆ ಹೆಸರು ಕೊಡುತ್ತೇನೆ ಅನ್ನುವುದು ಸುಮ್ನೆ ಮಾತು. ಅದು ಹೋಗುವುದಿಲ್ಲ, ಈಗಲೂ ಬೆಳಗ್ಗೆ ಇಡ್ಲಿ ಇಳಿಯುವುದಿಲ್ಲ. ಮೊದಲ ಸಲ ಬೆಟ್ಟದ ರೇಸೇ ಆರಿಸಿ. ಸಮತಟ್ಟಿನಲ್ಲಿ ಗುಂಪಿಗೆ ಗುಂಪೇ ಗಾಳಿ ತಪ್ಪಿಸಲು ಒಬ್ಬರ ಹಿಂದೊಬ್ಬರು ಅಂಟಿಕೊಂಡು ಹೋಗುತ್ತೆ, ಹೊಸಬರಿಗೆ ಅದು ಕಷ್ಟ. ಏರಿನಲ್ಲಿ ವೇಗ ಕಡಿಮೆ, ಗುಂಪು ತಾನಾಗೇ ಚದುರುತ್ತೆ.

ನಿಲ್ಲುವ ಮೊದಲೇ, ಇನ್ನೂ ತುಳಿಯುತ್ತಿರುವಾಗಲೇ, ಹಗುರ ಗೇರ್‌ಗೆ ಇಳಿಸಿ. ಜೇಬಿನಲ್ಲಿ ಹಳೇ ಬಟ್ಟೆ ತುಂಡು ಇರಲಿ. ಗ್ರೀಸ್ ಕೈಯಲ್ಲಿ ಬ್ರೇಕ್ ಎಷ್ಟು ಜಾರುತ್ತೆ ಅಂತ ನನಗೆ ಗೊತ್ತಾಗಿದ್ದು ಬೆಟ್ಟ ಇಳಿಯುವಾಗ.