ಮರಿಪೋಸಾ ಲೇಖನ: ಇನ್ನೊಮ್ಮೆ ಬರೆಯಿರಿ

ನಮಸ್ಕಾರ. ಕ್ಯಾಲಿಫೋರ್ನಿಯಾದ ಮರಿಪೋಸಾ ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಬಗ್ಗೆ ನೀವು ಕಳಿಸಿದ ಲೇಖನ ಪೂರ್ತಿ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಕೈಬಿಡಬೇಡಿ, ಒಳಗೆ ಒಳ್ಳೆಯ ಸರಕಿದೆ.

ಮೊದಲ ಎರಡು ಪುಟ ಬರೀ ವರ್ಣನೆ. ‘ಹಸಿರು ಸಿರಿ’, ‘ಪ್ರಕೃತಿಯ ಮಡಿಲು’ ಅಂದಿದ್ದೀರಿ. ಸಿಯೆರಾ ನೆವಾಡಾ ಬೆಟ್ಟಸಾಲಿನ ಆ ತಪ್ಪಲಿನ ಹುಲ್ಲು ಬೇಸಿಗೆ ಹೊತ್ತಿಗೆ ಒಣಗಿ ಹಳದಿಯಾಗಿರುತ್ತದೆ. ಅಲ್ಲಿ ಮಳೆ ಬರುವುದು ಚಳಿಗಾಲದಲ್ಲಿ. ಜೂನ್ ಅಂದರೆ ಮಳೆ ಅಂದುಕೊಳ್ಳುವ ನಮ್ಮ ಓದುಗರಿಗೆ ಇದನ್ನು ಮೊದಲೇ ಹೇಳಬೇಕು, ಅಲ್ವಾ?

ದೊಡ್ಡ ತಕರಾರು ಬೇರೆ ಇದೆ. ನಿಮ್ಮ ಇತಿಹಾಸ 1849ರ ಚಿನ್ನದ ಬೇಟೆಯಿಂದ ಶುರುವಾಗುತ್ತದೆ. ಅದಕ್ಕೂ ಮುಂಚೆ ಅಲ್ಲಿ ಯಾರೂ ಇರಲಿಲ್ಲವೇ? ನೀವೇ ಕಳಿಸಿದ ಫೋಟೋದಲ್ಲಿ ಓಕ್ ಮರದ ಕೆಳಗೊಂದು ಹಾಸುಬಂಡೆ, ಅದರ ತುಂಬ ದುಂಡನೆಯ ಗುಳಿಗಳು. ‘ಮಳೆನೀರು ಕೊರೆದದ್ದು’ ಅಂತ ಬರೆದಿದ್ದೀರಿ. ಅಲ್ಲ, ಅವು ಅಲ್ಲಿನ ಮೂಲನಿವಾಸಿಗಳಾದ ಮಿವೊಕ್ ಜನರ ಹೆಂಗಸರ ಒರಳುಗಳು. ಓಕ್ ಕಾಯಿ ಒಣಗಿಸಿ, ಸಿಪ್ಪೆ ತೆಗೆದು, ಅಲ್ಲಿ ಕುಟ್ಟಿ ಹಿಟ್ಟು ಮಾಡುತ್ತಿದ್ದರು. ಹಿಟ್ಟಿಗೆ ಮತ್ತೆ ಮತ್ತೆ ನೀರು ಹೊಯ್ದು, ಒಗರು ಹೋದ ಮೇಲೆ ಅಂಬಲಿ ಕಾಯಿಸುತ್ತಿದ್ದರು. ತಲೆಮಾರುಗಟ್ಟಲೆ ಕುಟ್ಟಿದ್ದರಿಂದಲೇ ಬಂಡೆ ಅಷ್ಟು ಆಳ ಸವೆದಿದೆ. ಇಡೀ ಲೇಖನದಲ್ಲಿ ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಇನ್ನೊಂದಿಲ್ಲ. ನೀವು ಅದನ್ನು ಅಡಿಬರಹದಲ್ಲಿ ಕಳೆದುಬಿಟ್ಟಿದ್ದೀರಿ.

ಪೊದೆಗಳಿಗೆ ಆಗಾಗ ಬೆಂಕಿ ಕೊಟ್ಟು ನೆಲ ತೆರವಾಗಿ ಇಡುತ್ತಿದ್ದವರೂ ಆ ಜನರೇ. 1851ರಲ್ಲಿ ಮರಿಪೋಸಾ ಬೆಟಾಲಿಯನ್ ಎಂಬ ಸ್ವಯಂಸೇವಕ ಪಡೆ ಅವರ ಊರುಗಳನ್ನು ಸುಟ್ಟು, ಅವರನ್ನು ಬೆಟ್ಟದಿಂದ ಅಟ್ಟಿತು. ಬರುಬರುತ್ತಾ ಬೆಂಕಿ ಕೊಡುವ ಆ ಪದ್ಧತಿಯೂ ನಿಂತಿತು, ಪೊದೆ ದಟ್ಟವಾಗಿ ಬೆಳೆದು ಕಾಡ್ಗಿಚ್ಚಿಗೆ ಮೇವಾಯಿತು. 2017ರ ಡೆಟ್ವೈಲರ್ ಕಾಡ್ಗಿಚ್ಚು 80 ಸಾವಿರಕ್ಕೂ ಜಾಸ್ತಿ ಎಕರೆ ಸುಟ್ಟಿತು. ಅದನ್ನು ನೀವು ‘ದುರದೃಷ್ಟ’ ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಬರ, ಬಿಸಿಲಿನ ಜೊತೆಗೆ ಈ ಹಳೆಯ ಕಾರಣವನ್ನೂ ಬರೆಯಿರಿ. ಮಿವೊಕ್ ಜನ ಇವತ್ತಿಗೂ ಅದೇ ಕೌಂಟಿಯಲ್ಲಿದ್ದಾರೆ. ಅವರ ಬಗ್ಗೆ ‘ಇದ್ದರು’ ಅಂತ ಮಾತ್ರ ಬರೆದು ನಿಲ್ಲಿಸಬೇಡಿ.

ಅಲ್ಲಿ ದೊಡ್ಡ ಜಮೀನಿದ್ದ ಸೇನಾಧಿಕಾರಿ ಫ್ರೀಮಾಂಟ್‌ನ ವ್ಯಾಜ್ಯ ಜಾಸ್ತಿ ಆಯಿತು, ಒಂದು ಪ್ಯಾರಾ ಸಾಕು. 1850ರಲ್ಲಿ ರಾಜ್ಯದ ಐದನೇ ಒಂದು ಭಾಗದಷ್ಟಿದ್ದ ಕೌಂಟಿ ಒಡೆದು ಹಲವು ಕೌಂಟಿಗಳಾದದ್ದಕ್ಕೆ ನಕ್ಷೆಯೊಂದನ್ನು ಹಾಕೋಣ.

1854ರ ಮರದ ಕೋರ್ಟ್‌ಹೌಸ್ ಭಾಗ ಮಾತ್ರ ಸೊಗಸಾಗಿದೆ. ಗೂಟ ಹೊಡೆದು ಕೂಡಿಸಿದ ತೊಲೆಗಳು, ಈಗಲೂ ಅಲ್ಲೇ ನಡೆಯುವ ವಿಚಾರಣೆ, ಎಲ್ಲವನ್ನೂ ಕಣ್ಣಾರೆ ನೋಡಿ ಬರೆದಿದ್ದೀರಿ. ಅದರಲ್ಲಿ ಒಂದಕ್ಷರವನ್ನೂ ಬದಲಿಸಬೇಡಿ.